ನಡುನೀರಿನಲ್ಲಿ ನಿಲ್ಲುತ್ತಿದ್ದ ಮಾದರಿ ದೋಣಿ: ಬ್ಯಾಟರಿ ಮತ್ತು ಸ್ಪೀಡ್ ಕಂಟ್ರೋಲರ್ ತೊಂದರೆಯ ಒಂದು ಪ್ರಕರಣ ಅಧ್ಯಯನ

ಎರಡೂವರೆ ನಿಮಿಷ ಚೆನ್ನಾಗಿ ಓಡಿ, ಆಮೇಲೆ ನಡುನೀರಿನಲ್ಲಿ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದ ರೇಡಿಯೊ ನಿಯಂತ್ರಿತ ದೋಣಿಯೊಂದನ್ನು ಪರಿಚಿತ ಹವ್ಯಾಸಿಯೊಬ್ಬರು ನನ್ನ ಬಳಿ ತಂದಾಗ, ಅದರ ಸ್ಪೀಡ್ ಕಂಟ್ರೋಲರನ್ನು ಅವರು ಆಗಲೇ ಒಮ್ಮೆ ಬದಲಾಯಿಸಿದ್ದರು. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ, ಹವ್ಯಾಸಿಗಳ ಮಾತಿನಲ್ಲಿ ಇಎಸ್‌ಸಿ ಎನಿಸಿಕೊಳ್ಳುವ ಆ ಪೆಟ್ಟಿಗೆಯೇ ಕೆಟ್ಟಿದೆ ಎಂದು ನಂಬಿ ಅದೇ ಸಾಮರ್ಥ್ಯದ ಹೊಸದನ್ನು ಕೂರಿಸಿದ್ದರೂ ದೋಣಿ ಅದೇ ಎರಡೂವರೆ ನಿಮಿಷಕ್ಕೆ, ಹೆಚ್ಚುಕಡಿಮೆ ಅದೇ ರೀತಿಯಲ್ಲಿ ನಿಲ್ಲುತ್ತಿತ್ತು. ಬೇರೆ ಬೇರೆ ಎರಡು ಇಎಸ್‌ಸಿಗಳು ಒಂದೇ ಹೊತ್ತಿಗೆ ಒಂದೇ ಬಗೆಯಲ್ಲಿ ಕೈಕೊಡುವುದು ತೀರ ಅಪರೂಪವಾದ್ದರಿಂದ, ಅವೆರಡೂ ಕೆಟ್ಟಿಲ್ಲ, ಎರಡೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿವೆ ಎಂಬ ಅನುಮಾನದಿಂದಲೇ ನಾನು ಪರೀಕ್ಷೆಯನ್ನು ಆರಂಭಿಸಿದೆ.

ದೋಣಿಯ ವಿವರಗಳು ಹೀಗಿದ್ದವು. ಸುಮಾರು 70 ಸೆಂಟಿಮೀಟರ್ ಉದ್ದದ, ತಳ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿರುವ ಫೈಬರ್ ಒಡಲು. ನೀರಿನಿಂದ ತಂಪಾಗುವ 2000 ಕೆವಿ ಬ್ರಶ್‌ಲೆಸ್ ಮೋಟಾರು, ಅಂದರೆ ಹೊರೆ ಇಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗುವಂಥದ್ದು. 60 ಆಂಪಿಯರಿನ, ಇದೂ ನೀರಿನಿಂದಲೇ ತಂಪಾಗುವ ಇಎಸ್‌ಸಿ. ಮೂರು ಸೆಲ್‌ಗಳ, 5000 ಮಿಲಿಆಂಪಿಯರ್ ಅವರ್ ಸಾಮರ್ಥ್ಯದ ಲಿಥಿಯಂ ಪಾಲಿಮರ್ ಬ್ಯಾಟರಿ, ಅಂದರೆ ಲಿಪೊ. ಮೊದಲು ಈ ದೋಣಿಯಲ್ಲಿ 40 ಮಿಲಿಮೀಟರ್ ವ್ಯಾಸದ ಪ್ರೊಪೆಲ್ಲರ್ ಇತ್ತೆಂದೂ, ವೇಗ ಹೆಚ್ಚಲೆಂದು ಅದನ್ನು ತೆಗೆದು 45 ಮಿಲಿಮೀಟರಿನದನ್ನು ಹಾಕಿದ್ದಾಗಿಯೂ ಅವರು ಹೇಳಿದ್ದು ಮಾತು ಮುಗಿಯುವ ಹೊತ್ತಿಗೆ, ಅದೂ ದೊಡ್ಡ ವಿಷಯವಲ್ಲ ಎಂಬ ಧಾಟಿಯಲ್ಲಿ. ಮೂತಿಯ ಕಡೆ ತೂಕ ಬೇಕೆಂದು ಬ್ಯಾಟರಿಯನ್ನು ಮುಂದಕ್ಕೆ ಸರಿಸಿ, ಅದರ ತಂತಿಗಳನ್ನು 20 ಸೆಂಟಿಮೀಟರ್ ಉದ್ದ ಮಾಡಿದ್ದನ್ನಂತೂ ಅವರು ಹೇಳಲೇ ಇಲ್ಲ. ಮುಚ್ಚಳ ತೆಗೆದಾಗ ನನಗೇ ಕಾಣಿಸಿತು.

ನಿಲ್ಲುವ ಬಗೆಯೇ ಮೊದಲ ಸುಳಿವು

ನಡುನೀರಿನಲ್ಲಿ ನಿಂತ ದೋಣಿಗಳೆಲ್ಲ ದಡದಿಂದ ನೋಡುವವರಿಗೆ ಒಂದೇ ರೀತಿ ಕಾಣುತ್ತವೆ. ಆದರೆ ನಿಂತ ಮೇಲೆ ಅವು ಏನು ಮಾಡುತ್ತವೆ ಎಂಬುದರಲ್ಲಿ ವ್ಯತ್ಯಾಸವಿದೆ, ಮತ್ತು ಆ ವ್ಯತ್ಯಾಸವನ್ನು ಗಮನಿಸಿದರೆ ಉಪಕರಣಗಳನ್ನು ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ದಾರಿ ಸಾಗಿದಂತೆ. ಮೋಟಾರು ನಿಂತಾಗ ಚುಕ್ಕಾಣಿಯೂ ಸತ್ತಂತೆ ಬಿದ್ದಿದ್ದರೆ, ರಿಸೀವರಿಗೇ ವಿದ್ಯುತ್ತು ಸಿಗುತ್ತಿಲ್ಲ ಅಥವಾ ಸಂಕೇತ ತಲುಪುತ್ತಿಲ್ಲ ಎಂದು ತಿಳಿಯಬೇಕು. ಇಎಸ್‌ಸಿಯ ಒಳಗೇ ಇದ್ದು ರಿಸೀವರಿಗೂ, ಚುಕ್ಕಾಣಿಯನ್ನು ತಿರುಗಿಸುವ ಸರ್ವೋಗೂ 5 ಅಥವಾ 6 ವೋಲ್ಟ್ ಒದಗಿಸುವ ಬಿಇಸಿ ಎಂಬ ಭಾಗವು ಕುಸಿದರೆ ಆಗುವುದು ಇದೇ. ಚುಕ್ಕಾಣಿ ಆಡುತ್ತಿದ್ದು ಮೋಟಾರು ಮಾತ್ರ ನಿಂತಿದ್ದರೆ, ಥ್ರಾಟಲನ್ನು ಪೂರ್ತಿ ಬಿಟ್ಟು ಎರಡು ಮೂರು ಸೆಕೆಂಡಿನ ಬಳಿಕ ಮತ್ತೆ ಕೊಡಬೇಕು. ಆಗ ದೋಣಿ ನಿಧಾನವಾಗಿ ಓಡಿ, ವೇಗ ಹೆಚ್ಚಿಸಿದೊಡನೆ ಮತ್ತೆ ನಿಂತರೆ ಅದು ಕಡಿಮೆ ವೋಲ್ಟೇಜಿನ ರಕ್ಷಣೆ, ಅಂದರೆ ಬ್ಯಾಟರಿಯ ವೋಲ್ಟೇಜು ಹೊಂದಿಸಿಟ್ಟ ಮಟ್ಟಕ್ಕಿಂತ ಇಳಿದಾಗ ಇಎಸ್‌ಸಿ ತಾನೇ ಮೋಟಾರನ್ನು ನಿಲ್ಲಿಸುವುದು. ಏನು ಮಾಡಿದರೂ ಕೆಲವು ನಿಮಿಷಗಳವರೆಗೆ ಮೋಟಾರು ತಿರುಗದೆ, ತಣ್ಣಗಾದ ಮೇಲೆ ತಾನಾಗಿ ಸರಿಹೋದರೆ ಅದು ಶಾಖದ ರಕ್ಷಣೆ, ಅಂದರೆ ಇಎಸ್‌ಸಿ ತೀರ ಬಿಸಿಯಾದಾಗ ಮೋಟಾರನ್ನು ನಿಲ್ಲಿಸುವುದು. ಇನ್ನು, ನಿಲ್ಲುವ ಬದಲು ವೇಗ ಹೆಚ್ಚಿಸುವಾಗ ಮೋಟಾರು ಕಿರುಗುಟ್ಟಿ ತಡವರಿಸಿದರೆ, ಇಎಸ್‌ಸಿಗೆ ಮೋಟಾರಿನ ತಿರುಗುವಿಕೆಯ ಲೆಕ್ಕ ತಪ್ಪಿದೆ ಎಂದರ್ಥ. ಆಗ ನೋಡಬೇಕಾದದ್ದು ಮೋಟಾರಿನ ಮೂರು ತಂತಿಗಳ ಜೋಡಣೆಯನ್ನು ಮತ್ತು ಅವುಗಳಿಗೆ ವಿದ್ಯುತ್ತು ಯಾವ ಗಳಿಗೆಯಲ್ಲಿ ಹೋಗಬೇಕೆಂದು ಹೇಳುವ ಇಎಸ್‌ಸಿಯ ಟೈಮಿಂಗ್ ಸೆಟ್ಟಿಂಗನ್ನು.

ಈ ದೋಣಿಯಲ್ಲಿ ನಿಂತಾಗಲೆಲ್ಲ ಚುಕ್ಕಾಣಿ ಆಡುತ್ತಿತ್ತು, ಮತ್ತು ಥ್ರಾಟಲ್ ಬಿಟ್ಟು ಕೊಟ್ಟರೆ ದೋಣಿ ತೆವಳುತ್ತ ದಡ ಸೇರುತ್ತಿತ್ತು. ಹಾಗಾಗಿ ರಿಸೀವರ್, ಟ್ರಾನ್ಸ್‌ಮಿಟರ್ ಮತ್ತು ಬಿಇಸಿಗಳನ್ನು ಅನುಮಾನದ ಪಟ್ಟಿಯಿಂದ ಅಲ್ಲಿಗೇ ತೆಗೆದುಹಾಕಿ, ಕಡಿಮೆ ವೋಲ್ಟೇಜಿನ ರಕ್ಷಣೆಯತ್ತ ಗಮನ ಹರಿಸಿದೆ.

ಮೇಜಿನ ಮೇಲೆ ಎಲ್ಲವೂ ಸರಿಯಾಗಿದ್ದದ್ದು

ದೋಣಿಯ ಒಡೆಯರ ವಾದವೂ ಬಲವಾಗಿಯೇ ಇತ್ತು. ದೋಣಿ ನಿಂತೊಡನೆ ದಡಕ್ಕೆ ತಂದು ಅಳೆದರೆ ಬ್ಯಾಟರಿಯಲ್ಲಿ 11.4 ವೋಲ್ಟ್ ಉಳಿದಿರುತ್ತಿತ್ತು. ಇಎಸ್‌ಸಿಯ ಕಡಿತದ ಮಟ್ಟವನ್ನು ಒಂದು ಸೆಲ್ಲಿಗೆ 3.2 ವೋಲ್ಟಿನಂತೆ, ಒಟ್ಟು 9.6 ವೋಲ್ಟಿಗೆ ಹೊಂದಿಸಲಾಗಿತ್ತು. ಹೀಗಿರುವಾಗ ವೋಲ್ಟೇಜು ಸಾಲದೆ ನಿಂತಿತು ಎನ್ನುವುದು ಹೇಗೆ? ಜೊತೆಗೆ, ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿಟ್ಟು ಪೂರ್ತಿ ಥ್ರಾಟಲ್ ಕೊಟ್ಟಾಗ ಮೋಟಾರು ಒಮ್ಮೆಯೂ ನಿಂತಿರಲಿಲ್ಲ.

ಈ ಎರಡು ಪರೀಕ್ಷೆಗಳಲ್ಲೂ ಇದ್ದ ಕೊರತೆ ಒಂದೇ, ಹೊರೆ ಇಲ್ಲದಿರುವುದು. ಗಾಳಿಯಲ್ಲಿ ತಿರುಗುವ ಪ್ರೊಪೆಲ್ಲರಿಗೆ ಈ ಮೋಟಾರು ಎಳೆದುಕೊಂಡದ್ದು 4 ಆಂಪಿಯರ್ ಮಾತ್ರ. ಅಷ್ಟು ವಿದ್ಯುತ್ತನ್ನು ಸಾಯುವ ಹಂತದಲ್ಲಿರುವ ಬ್ಯಾಟರಿಯೂ ಕೊಡಬಲ್ಲದು. (ನೀರಿನ ಹೊರಗೆ ಮೋಟಾರನ್ನು ಹೆಚ್ಚು ಹೊತ್ತು ಓಡಿಸುವುದು ತಂಪುನೀರಿಲ್ಲದ ಮೋಟಾರಿಗೂ, ಪ್ರೊಪೆಲ್ಲರನ್ನು ತಿರುಗಿಸುವ ದಂಡದ ಬುಷ್‌ಗಳಿಗೂ ಒಳ್ಳೆಯದಲ್ಲ ಎಂಬುದು ಬೇರೆ ಮಾತು.) ಆ ಪರೀಕ್ಷೆಯಿಂದ ಸಿಕ್ಕ ಒಂದೇ ಉಪಯುಕ್ತ ಮಾಹಿತಿಯೆಂದರೆ, ಆ 4 ಆಂಪಿಯರ್ ಸಹಜವಾದ ಅಂಕಿಯಾದ್ದರಿಂದ ದಂಡ ಎಲ್ಲೂ ಬಿಗಿಯುತ್ತಿಲ್ಲ, ಗ್ರೀಸ್ ಸರಿಯಾಗಿದೆ ಎಂಬುದು. ನಿಂತ ಮೇಲೆ ಅಳೆದ 11.4 ವೋಲ್ಟ್ ಕೂಡ ವಿಶ್ರಾಂತಿಯ ವೋಲ್ಟೇಜೇ ಹೊರತು ಓಡುವಾಗಿನದಲ್ಲ. ಬ್ಯಾಟರಿಯಿಂದ ವಿದ್ಯುತ್ತು ಹರಿಯುವಾಗ, ಹರಿಯುವ ಆಂಪಿಯರ್ ಮತ್ತು ಬ್ಯಾಟರಿಯ ಆಂತರಿಕ ರೋಧ ಇವೆರಡರ ಗುಣಲಬ್ಧದಷ್ಟು ವೋಲ್ಟೇಜು ಅದರೊಳಗೇ ಕುಸಿಯುತ್ತದೆ. ಹರಿವು ನಿಂತ ಮರುಕ್ಷಣ ಅದು ಮೇಲೇರುತ್ತದೆ. ದಡಕ್ಕೆ ಬರುವಷ್ಟರಲ್ಲಿ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ಆದ್ದರಿಂದ ಬ್ಯಾಟರಿ ಮತ್ತು ಇಎಸ್‌ಸಿಯ ನಡುವೆ ಒಂದು ವಾಟ್‌ಮೀಟರನ್ನು ಜೋಡಿಸಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೋಣಿಯೊಳಗೇ ಇಟ್ಟು ಓಡಿಸಿದೆವು. ಅತಿ ಹೆಚ್ಚಿನ ಆಂಪಿಯರ್ ಮತ್ತು ಅತಿ ಕಡಿಮೆಯ ವೋಲ್ಟೇಜನ್ನು ನೆನಪಿಟ್ಟುಕೊಳ್ಳುವ ಬಗೆಯ ಮೀಟರೇ ಇದಕ್ಕೆ ಬೇಕು, ಏಕೆಂದರೆ ನೀರಿನ ಮೇಲೆ ಅದನ್ನು ಓದುವವರು ಯಾರೂ ಇರುವುದಿಲ್ಲ. ದೋಣಿ ಎಂದಿನಂತೆ ಎರಡೂವರೆ ನಿಮಿಷಕ್ಕೆ ನಿಂತಿತು. ಮೀಟರಿನಲ್ಲಿ ದಾಖಲಾಗಿದ್ದುದು 68 ಆಂಪಿಯರ್ ಮತ್ತು 9.2 ವೋಲ್ಟ್. 9.6ಕ್ಕೆ ಕಡಿತ ಮಾಡುವಂತೆ ಹೇಳಿಸಿಕೊಂಡಿದ್ದ ಇಎಸ್‌ಸಿ 9.2 ಕಂಡು ನಿಲ್ಲಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೂರನೆಯ ಸೆಲ್

ಮುಂದಿನ ಪ್ರಶ್ನೆ, 11.4 ಇದ್ದದ್ದು 9.2ಕ್ಕೆ ಇಳಿದದ್ದು ಎಲ್ಲಿ ಎಂಬುದು. ಪ್ರತಿ ಸೆಲ್ಲಿನಿಂದಲೂ ಬರುವ ಸಣ್ಣ ತಂತಿಗಳಿರುವ ಬ್ಯಾಲೆನ್ಸ್ ಕನೆಕ್ಟರಿನ ಮೂಲಕ ಸೆಲ್‌ಗಳನ್ನು ಬಿಡಿಬಿಡಿಯಾಗಿ ಅಳೆದಾಗ ಮೊದಲೆರಡರಲ್ಲಿ 3.84 ಮತ್ತು 3.83 ವೋಲ್ಟ್, ಮೂರನೆಯದರಲ್ಲಿ 3.71 ವೋಲ್ಟ್ ಇತ್ತು. ಚಾರ್ಜರಿನಲ್ಲೇ ಇದ್ದ ಆಂತರಿಕ ರೋಧದ ಅಳತೆಯಲ್ಲಿ ಚಿತ್ರ ಇನ್ನೂ ಸ್ಪಷ್ಟವಾಯಿತು: ಮೊದಲೆರಡು ಸೆಲ್‌ಗಳು ತಲಾ 5 ಮಿಲಿಓಮ್, ಮೂರನೆಯದು 17 ಮಿಲಿಓಮ್. ಲೆಕ್ಕ ಹಾಕಿದರೆ, 68 ಆಂಪಿಯರ್ ಹರಿಯುವಾಗ ಒಳ್ಳೆಯ ಸೆಲ್ಲಿನಲ್ಲಿ ಕುಸಿಯುವುದು 0.34 ವೋಲ್ಟ್, ಕೆಟ್ಟದ್ದರಲ್ಲಿ ಸುಮಾರು 1.16 ವೋಲ್ಟ್. ಅಂದರೆ ದೋಣಿ ವೇಗವಾಗಿ ಓಡುತ್ತಿದ್ದಾಗ ಮೊದಲೆರಡು ಸೆಲ್‌ಗಳು 3.5 ವೋಲ್ಟಿನ ಆಸುಪಾಸಿನಲ್ಲಿ ಆರಾಮವಾಗಿದ್ದರೆ, ಮೂರನೆಯದು 2.55ಕ್ಕೆ ಇಳಿದು ಏದುಸಿರು ಬಿಡುತ್ತಿತ್ತು.

ಇಂತಹ ಸೆಲ್ ಇಷ್ಟು ದಿನ ಕಣ್ಣಿಗೆ ಬೀಳದಿದ್ದುದಕ್ಕೆ ಕಾರಣ ಬ್ಯಾಲೆನ್ಸ್ ಚಾರ್ಜಿಂಗ್. ಪ್ರತಿ ಸಲ ಚಾರ್ಜು ಮುಗಿದಾಗ ಚಾರ್ಜರು ಮೂರೂ ಸೆಲ್‌ಗಳನ್ನು 4.20 ವೋಲ್ಟಿಗೆ ತಂದು ಸಮ ಮಾಡುತ್ತಿತ್ತು, ಪರದೆಯ ಮೇಲೆ ಮೂರು ಸಮಾನ ಅಂಕಿಗಳು ಕಾಣುತ್ತಿದ್ದವು. ವೋಲ್ಟೇಜು ಸಮವಾಗಿದೆಯೆಂದರೆ ಸೆಲ್‌ಗಳ ಕಸುವೂ ಸಮವಾಗಿದೆ ಎಂದಲ್ಲ. ಕೆದಕಿ ಕೇಳಿದಾಗ, ಹಿಂದಿನ ಕೆಲವು ತಿಂಗಳು ಆ ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿದ ಸ್ಥಿತಿಯಲ್ಲೇ ಕಪಾಟಿನಲ್ಲಿಟ್ಟಿದ್ದರೆಂದು ತಿಳಿಯಿತು. ಲಿಪೊವನ್ನು ಬಳಸದೆ ಇಡುವಾಗ ಸೆಲ್ಲಿಗೆ 3.8 ವೋಲ್ಟಿನ ಸುಮಾರಿಗೆ ತಂದಿಡಬೇಕು, 4.2ರಲ್ಲಿ ಬಿಟ್ಟರೆ ಒಳಗಿನ ರಾಸಾಯನಿಕಗಳು ನಿಧಾನವಾಗಿ ಕೆಡುತ್ತ ರೋಧ ಏರುತ್ತದೆ, ಕೆಲವೊಮ್ಮೆ ಪೊಟ್ಟಣ ಊದಿಕೊಳ್ಳುತ್ತದೆ. ಈ ಬ್ಯಾಟರಿಯ ಒಂದು ಬದಿ ಬೆರಳಿಗೆ ಗೊತ್ತಾಗುವಷ್ಟು ಉಬ್ಬಿತ್ತು, ಅದು ಮೂರನೆಯ ಸೆಲ್ ಇರುವ ಬದಿಯೇ ಆಗಿತ್ತು.

ರೋಧದ ಅಳತೆಯ ಬಗ್ಗೆ ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಬ್ಯಾಟರಿ ತಣ್ಣಗಿದ್ದಾಗಲೂ, ಬರಿದಾಗುತ್ತ ಬಂದಾಗಲೂ ಅಂಕಿ ಹೆಚ್ಚಾಗಿಯೇ ಬರುತ್ತದೆ. ಒಂದು ಚಾರ್ಜರಿನ ಅಳತೆಗೂ ಇನ್ನೊಂದರ ಅಳತೆಗೂ ತಾಳೆಯಾಗುವುದಿಲ್ಲ. ಅದೇ ಚಾರ್ಜರಿನಲ್ಲಿ, ಅದೇ ಉಷ್ಣತೆಯಲ್ಲಿ, ಸೆಲ್‌ಗಳನ್ನು ಒಂದಕ್ಕೊಂದು ಹೋಲಿಸುವುದಕ್ಕೆ ಮಾತ್ರ ಅದನ್ನು ನಂಬಬೇಕು. ಇಲ್ಲಿ ಉಳಿದೆರಡಕ್ಕಿಂತ ಮೂರುಪಟ್ಟಿಗೂ ಹೆಚ್ಚಿದ್ದುದರಿಂದ ಸಂದೇಹಕ್ಕೆ ಎಡೆ ಇರಲಿಲ್ಲ.

ಕಡಿತದ ಮಟ್ಟವನ್ನು ಇನ್ನಷ್ಟು ಇಳಿಸಿದರೆ, ಅಥವಾ ಇಎಸ್‌ಸಿಯನ್ನು ನಿಕಲ್ ಬ್ಯಾಟರಿಯ ವಿಧಾನಕ್ಕೆ ಬದಲಿಸಿ ಲಿಪೊ ಕಡಿತವನ್ನೇ ತೆಗೆದರೆ ದೋಣಿ ನಿಲ್ಲುವುದಿಲ್ಲವಲ್ಲ ಎಂದು ಒಡೆಯರು ಕೇಳಿದರು. ದೋಣಿ ನಿಲ್ಲುವುದಿಲ್ಲ, ನಿಜ. ಆದರೆ ಇಎಸ್‌ಸಿಗೆ ಬರುವುದು ಬ್ಯಾಟರಿಯ ಎರಡು ದಪ್ಪ ತಂತಿಗಳು ಮಾತ್ರ. ಅದು ಮೂರು ಸೆಲ್‌ಗಳ ಒಟ್ಟು ಮೊತ್ತವನ್ನು ನೋಡುತ್ತದೆಯೇ ಹೊರತು ಯಾವ ಸೆಲ್ ಎಷ್ಟು ಸೋತಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಮಟ್ಟ ಇಳಿಸಿದ್ದರೆ ಒಳ್ಳೆಯ ಸೆಲ್‌ಗಳೆರಡೂ ಸೇರಿ ಸೋತ ಸೆಲ್ಲಿನ ಮೂಲಕ ವಿದ್ಯುತ್ತನ್ನು ಬಲವಂತವಾಗಿ ತಳ್ಳುತ್ತ ಅದನ್ನು ಸೊನ್ನೆಯತ್ತ ಎಳೆಯುತ್ತಿದ್ದವು, ಅದೂ ಮುಚ್ಚಿದ ಒಡಲಿನೊಳಗೆ. ಆ ಬ್ಯಾಟರಿಯನ್ನು ಇನ್ನು ದೋಣಿಗೆ ಹಾಕಬಾರದೆಂದು ನಾನು ಖಡಾಖಂಡಿತವಾಗಿ ಹೇಳಿದೆ. ಅದನ್ನು ಒಂದು ಬಲ್ಬಿಗೆ ಜೋಡಿಸಿ, ಬಯಲಿನಲ್ಲಿ ಕಣ್ಣೆದುರಿಗೇ ಇಟ್ಟುಕೊಂಡು ನಿಧಾನವಾಗಿ ಪೂರ್ತಿ ಬರಿದು ಮಾಡಿ, ತುದಿಗಳಿಗೆ ಟೇಪು ಸುತ್ತಿ ಇ-ತ್ಯಾಜ್ಯಕ್ಕೆ ಕೊಡಲಾಯಿತು.

ಹೊಸ ಬ್ಯಾಟರಿ, ಬೇರೆ ನಿಲುಗಡೆ

ಪ್ರಕರಣ ಇಲ್ಲಿಗೆ ಮುಗಿಯಬಹುದಿತ್ತು, ಮುಗಿಯಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಪಾಲಿಸಿ, ಸೆಲ್ಲಿಗೆ 4 ಮಿಲಿಓಮ್ ರೋಧದ ಹೊಸ ಬ್ಯಾಟರಿಯೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟದೆ ದೋಣಿಯನ್ನು ನೀರಿಗಿಳಿಸಿದಾಗ, ಅದು ನಾಲ್ಕು ನಿಮಿಷ ಓಡಿ ಮತ್ತೆ ನಿಂತಿತು. ಆದರೆ ಈ ಸಲ ಥ್ರಾಟಲ್ ಬಿಟ್ಟು ಕೊಟ್ಟರೂ ತೆವಳಲಿಲ್ಲ. ಗಾಳಿ ಅದನ್ನು ದಡಕ್ಕೆ ತಳ್ಳುವವರೆಗೆ ಕಾದು, ಮುಚ್ಚಳ ತೆಗೆದು ಸೆಲ್‌ಗಳನ್ನು ಅಳೆದರೆ ಮೂರೂ 3.76 ವೋಲ್ಟಿನಲ್ಲಿ ಸಮವಾಗಿದ್ದವು. ಮೀಟರಿನ ಕನಿಷ್ಠ ವೋಲ್ಟೇಜು 10.1, ಕಡಿತದ ಮಟ್ಟಕ್ಕಿಂತ ಸಾಕಷ್ಟು ಮೇಲೆ. ಇಎಸ್‌ಸಿಯ ಹೊರಮೈಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿದಾಗ ದಡ ಸೇರಿದ ಮೇಲೂ 78 ಡಿಗ್ರಿ ಸೆಲ್ಸಿಯಸ್ ಇತ್ತು. ಒಳಗಿನ ಟ್ರಾನ್ಸಿಸ್ಟರುಗಳು ಹೊರಮೈಗಿಂತ ಹೆಚ್ಚು ಬಿಸಿಯಾಗಿರುತ್ತವೆ ಎಂಬುದನ್ನು ಗಮನಿಸಿದರೆ, ನಿಲ್ಲಿಸಿದ್ದು ಶಾಖದ ರಕ್ಷಣೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಆರು ನಿಮಿಷದ ಬಳಿಕ ಮೋಟಾರು ಏನೂ ಆಗದಂತೆ ತಿರುಗಿತು. ಹಳೆಯ ಬ್ಯಾಟರಿ ಎರಡೂವರೆ ನಿಮಿಷಕ್ಕೇ ಕೈಚೆಲ್ಲುತ್ತಿದ್ದುದರಿಂದ ಈ ಎರಡನೆಯ ದೋಷ ಇಷ್ಟು ದಿನ ಅದರ ಮರೆಯಲ್ಲಿ ಅಡಗಿತ್ತು.

ತಂಪುನೀರಿನ ದಾರಿಯನ್ನು ಮೊದಲು ನೋಡಿದೆ. ಪ್ರೊಪೆಲ್ಲರಿನ ಹಿಂದಿನ ಕೊಳವೆಯಿಂದ ಒಳಬರುವ ನೀರು ಇಎಸ್‌ಸಿಯನ್ನೂ ಬಳಿಕ ಮೋಟಾರನ್ನೂ ಸುತ್ತಿ ಪಕ್ಕದ ತೂತಿನಿಂದ ಹೊರಚಿಮ್ಮಬೇಕು. ದೋಣಿ ಓಡುವಾಗ ಆ ಚಿಲುಮೆ ದಡದಿಂದಲೇ ಕಾಣುವಂತಿರಬೇಕು. ಇಲ್ಲಿ ಅದು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಕೊಳವೆಯ ಒಂದು ತುದಿಗೆ ಬಾಯಿಟ್ಟು ಊದಿದರೆ ಗಾಳಿ ಸಲೀಸಾಗಿ ಹೋಗಲಿಲ್ಲ. ಬ್ಯಾಟರಿಯನ್ನು ಮುಂದಕ್ಕೆ ಸರಿಸುವಾಗ ಅದರ ತಟ್ಟೆಯ ಅಂಚಿಗೆ ಸಿಲಿಕೋನ್ ಕೊಳವೆ ಸಿಕ್ಕಿ ಮಡಚಿಕೊಂಡಿತ್ತು. ಬ್ಯಾಟರಿ ಹೊರಗಿದ್ದಾಗ ಮಡಿಕೆ ಬಿಡಿಸಿಕೊಳ್ಳುತ್ತಿದ್ದುದರಿಂದ, ಬ್ಯಾಟರಿಯನ್ನು ಒಳಗಿಟ್ಟೇ ಊದಿ ನೋಡದಿದ್ದರೆ ಅದು ಎಂದಿಗೂ ಪತ್ತೆಯಾಗುತ್ತಿರಲಿಲ್ಲ. ಕೊಳವೆಯನ್ನು ಬೇರೆ ದಾರಿಯಲ್ಲಿ ಹಾಯಿಸಿದ ಮೇಲೆ ಇಎಸ್‌ಸಿ ನಿಲ್ಲಲಿಲ್ಲ. ಆದರೂ ಹೊರಮೈ 63 ಡಿಗ್ರಿಗೆ ಏರುತ್ತಿತ್ತು, ಮತ್ತು ಬ್ಯಾಟರಿಯ ಕನೆಕ್ಟರು ಬೆರಳಿಡಲಾಗದಷ್ಟು ಸುಡುತ್ತಿತ್ತು.

ಕನೆಕ್ಟರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ, ಒಳಗಿನ ಲೋಹದ ಪಟ್ಟಿಗಳ ಬಿಗಿತ ಸಡಿಲವಾಗಿತ್ತು. ಒಂದು ಬೆಸುಗೆ ಹೊಳಪಿಲ್ಲದೆ ಬೂದುಬಣ್ಣದ ಗಂಟಾಗಿತ್ತು. ದೋಣಿಯನ್ನು ದಡದಲ್ಲಿ ಹಿಡಿದು, ಕೈಗಳನ್ನು ಪ್ರೊಪೆಲ್ಲರಿನಿಂದ ದೂರವಿಟ್ಟುಕೊಂಡು ಕೆಲವೇ ಸೆಕೆಂಡು 40 ಆಂಪಿಯರ್ ಹರಿಯುವಂತೆ ಮಾಡಿ, ಕನೆಕ್ಟರ್ ಮತ್ತು ಉದ್ದ ಮಾಡಿದ ತಂತಿಗಳಲ್ಲಿ ನಷ್ಟವಾಗುವ ವೋಲ್ಟೇಜನ್ನು ಅಳೆದು ಕೂಡಿದಾಗ 200 ಮಿಲಿವೋಲ್ಟ್ ಸಿಕ್ಕಿತು. ಅದು 5 ಮಿಲಿಓಮ್‌ಗೆ ಸಮ. ಬಳಸಿದ್ದ 12 ಗೇಜಿನ ತಂತಿಗೆ ಮೀಟರಿಗೆ ಸುಮಾರು 5 ಮಿಲಿಓಮ್ ರೋಧವಿರುವುದರಿಂದ, ಹೋಗುವ ಬರುವ ಎರಡೂ ತಂತಿ ಸೇರಿ 40 ಸೆಂಟಿಮೀಟರಿಗೆ 2 ಮಿಲಿಓಮ್. ಉಳಿದ 3 ಕನೆಕ್ಟರಿನದು. ಕೇಳಲು ಇದು ಏನೂ ಅಲ್ಲವೆನಿಸುತ್ತದೆ, ಆದರೆ ರೋಧದಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 68 ಆಂಪಿಯರಿಗೆ 5 ಮಿಲಿಓಮ್ ಎಂದರೆ 23 ವಾಟ್, ಒಂದು ಸಣ್ಣ ಸೋಲ್ಡರಿಂಗ್ ಐರನ್ ತೆಗೆದುಕೊಳ್ಳುವಷ್ಟು. ಗಾಳಿಯಾಡದ ಒಡಲಿನಲ್ಲಿ ಅದನ್ನು ಹೊತ್ತಿಸಿಟ್ಟುಕೊಂಡೇ ಈ ದೋಣಿ ಓಡುತ್ತಿತ್ತು.

ಉದ್ದದ ತಂತಿಗಳು ಇನ್ನೊಂದು ಬಗೆಯಲ್ಲೂ ಕಾಡುತ್ತವೆ. ಇಎಸ್‌ಸಿ ಬ್ಯಾಟರಿಯಿಂದ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ತುಣುಕುಗಳಾಗಿ ಸೆಳೆಯುತ್ತದೆ, ತಂತಿಯ ಇಂಡಕ್ಟೆನ್ಸ್ ಆ ಸೆಳೆತವನ್ನು ವಿರೋಧಿಸುತ್ತದೆ, ಹೀಗೆ ಹುಟ್ಟುವ ವೋಲ್ಟೇಜಿನ ಏರಿಳಿತವನ್ನು ನುಂಗಬೇಕಾದದ್ದು ಇಎಸ್‌ಸಿಯ ಮುಂಭಾಗದ ಕೆಪಾಸಿಟರುಗಳು. ಅವು ಬಿಸಿಯಾಗುತ್ತ ಬೇಗ ಸವೆಯುತ್ತವೆ. ದೂರ ಹೆಚ್ಚಿಸಲೇಬೇಕಿದ್ದರೆ ಇಎಸ್‌ಸಿಯನ್ನು ಬ್ಯಾಟರಿಯ ಹತ್ತಿರವೇ ಇಟ್ಟು ಮೋಟಾರಿನ ಮೂರು ತಂತಿಗಳನ್ನು ಉದ್ದ ಮಾಡುವುದು ಮೇಲು. ಇಲ್ಲಿಯೂ ಹಾಗೆಯೇ ಮಾಡಿ, ಜೋಡಿಸಿದ್ದ ತಂತಿಯನ್ನು ಕತ್ತರಿಸಿ ತೆಗೆದು, ಎರಡೂ ಕಡೆ ಎಕ್ಸ್‌ಟಿ 90 ಕನೆಕ್ಟರುಗಳನ್ನು ಹೊಸದಾಗಿ ಬೆಸೆದೆವು.

ಐದು ಮಿಲಿಮೀಟರ್

ಇಷ್ಟೆಲ್ಲ ಆದರೂ ಮೂಲ ಪ್ರಶ್ನೆ ಹಾಗೇ ಉಳಿದಿತ್ತು: 60 ಆಂಪಿಯರಿನ ಇಎಸ್‌ಸಿಯಿಂದ 68 ಆಂಪಿಯರ್ ಹರಿಯುತ್ತಿರುವುದೇಕೆ? ಉತ್ತರ, ಒಡೆಯರು ಹಗುರವಾಗಿ ಹೇಳಿ ಮುಗಿಸಿದ್ದ ಆ ಪ್ರೊಪೆಲ್ಲರಿನಲ್ಲಿತ್ತು. ಒಂದೇ ಆಕಾರದ ಪ್ರೊಪೆಲ್ಲರುಗಳು ಒಂದೇ ವೇಗದಲ್ಲಿ ತಿರುಗಿದರೆ, ಅವು ಬೇಡುವ ಶಕ್ತಿ ವ್ಯಾಸದ ಐದನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 40ರಿಂದ 45ಕ್ಕೆ ಹೋದದ್ದು ಕಣ್ಣಿಗೆ ಎಂಟನೆಯ ಒಂದು ಭಾಗದಷ್ಟು ಹೆಚ್ಚಳ. ಐದನೆಯ ಘಾತದಲ್ಲಿ ಅದು 1.8 ಪಟ್ಟು. ಮೋಟಾರು ಈ ಹೊರೆಗೆ ಸ್ವಲ್ಪ ನಿಧಾನವಾಗುವುದರಿಂದ ನಿಜವಾದ ಏರಿಕೆ ಅಷ್ಟಿರುವುದಿಲ್ಲ, ಆದರೂ ದಿಕ್ಕು ಅದೇ. ಬ್ಯಾಟರಿಯ ಮೂರನೆಯ ಸೆಲ್ಲನ್ನು ಸೋಲಿಸಿದ್ದು, ಕನೆಕ್ಟರನ್ನು ಸುಟ್ಟದ್ದು, ಮಡಚಿದ ಕೊಳವೆಯಿಂದ ಬರುವ ಹನಿ ನೀರು ಸಾಲದಂತೆ ಮಾಡಿದ್ದು ಎಲ್ಲವೂ ಈ ಹೊರೆಯೇ. 40 ಮಿಲಿಮೀಟರಿನ ಪ್ರೊಪೆಲ್ಲರ್ ಇದ್ದಿದ್ದರೆ ಈ ದೋಷಗಳಲ್ಲಿ ಯಾವುದೊಂದೂ ಬಹುಶಃ ಇಷ್ಟು ಬೇಗ ಹೊರಗೆ ಕಾಣಿಸುತ್ತಿರಲಿಲ್ಲ.

ಹಳೆಯ ಪ್ರೊಪೆಲ್ಲರನ್ನು ಮರಳಿ ಹಾಕಲು ಒಡೆಯರಿಗೆ ಮನಸ್ಸಿರಲಿಲ್ಲ. ಅದಕ್ಕೆ ಒಂದು ಪುಟ್ಟ ಜಿಪಿಎಸ್ ಉಪಕರಣವನ್ನು ದೋಣಿಯಲ್ಲಿಟ್ಟು, ಒಂದೇ ಸಂಜೆ, ಪೂರ್ತಿ ಚಾರ್ಜಾದ ಬ್ಯಾಟರಿಯೊಂದಿಗೆ ಎರಡನ್ನೂ ಓಡಿಸಿ ನೋಡಿದೆವು. 45 ಮಿಲಿಮೀಟರಿನದು ಗಂಟೆಗೆ 46 ಕಿಲೋಮೀಟರ್ ಮುಟ್ಟಿತು, 40ರದು 43. ಆಂಪಿಯರ್ ಮಾತ್ರ 68ರಿಂದ 46ಕ್ಕೆ ಇಳಿಯಿತು. ಮೂರು ಕಿಲೋಮೀಟರಿಗಾಗಿ 22 ಆಂಪಿಯರ್ ತೆರುವುದು ಅವರಿಗೂ ದುಬಾರಿ ಎನಿಸಿತು. ಹಳೆಯ ಬ್ಯಾಟರಿಯ ವೋಲ್ಟೇಜು ಕುಸಿಯುತ್ತಿದ್ದ ರೀತಿಯನ್ನು ನೋಡಿದರೆ, ಅದರ ಜೊತೆಯಲ್ಲಿ ದೊಡ್ಡ ಪ್ರೊಪೆಲ್ಲರ್ ಆ ಮೂರು ಕಿಲೋಮೀಟರನ್ನೂ ಕೊಟ್ಟಿರಲಾರದು.

ಕೊನೆಯದಾಗಿ, ಕೆಟ್ಟಿದೆಯೆಂದು ತೆಗೆದಿಟ್ಟಿದ್ದ ಮೊದಲ ಇಎಸ್‌ಸಿಯನ್ನೇ ಹುಡುಕಿ ತರಿಸಿ ದೋಣಿಯಲ್ಲಿ ಮತ್ತೆ ಕೂರಿಸಿದೆವು, ಹೊಸದನ್ನು ಬಿಡಿಭಾಗಗಳ ಡಬ್ಬಿಗೆ ಹಾಕಿದೆವು. ಟ್ರಾನ್ಸ್‌ಮಿಟರಿನ ಟೈಮರನ್ನು ಆರೂವರೆ ನಿಮಿಷಕ್ಕೆ ಇಟ್ಟು, ಥ್ರಾಟಲನ್ನು ಏರಿಸಿ ಇಳಿಸುತ್ತ ಓಡಿಸಿದಾಗ ದೋಣಿ ಒಮ್ಮೆಯೂ ನಿಲ್ಲದೆ ತಾನಾಗಿ ದಡಕ್ಕೆ ಮರಳಿತು. ಇಎಸ್‌ಸಿಯ ಹೊರಮೈ 44 ಡಿಗ್ರಿ ಇತ್ತು, ಕನೆಕ್ಟರು ಉಗುರು ಬೆಚ್ಚಗಿತ್ತು, ಸೆಲ್‌ಗಳು 3.75, 3.75, 3.74 ವೋಲ್ಟ್ ತೋರಿಸಿದವು.